ಕಡ್ಡಿಯಿಂದ ಗುಡ್ಡ: ಒಂದು ಶಾಸ್ತ್ರೀಯ ವಿವೇಚನೆ

ಕಡ್ಡಿ ಗುಡ್ಡವಾಗುವ ಪ್ರಕ್ರಿಯೆಯನ್ನು ಭೂಗರ್ಭಶಾಸ್ತ್ರಜ್ಞರು ಇದುವರೆಗೂ ಅಲಕ್ಷಿಸಿರುವುದು ವಿಷಾದನೀಯ. ಹಿಮಾಲಯ ಏಳಲು ಕೋಟ್ಯಂತರ ವರ್ಷ ಹಿಡಿಯಿತು. ಹಾವೇರಿ ಜಿಲ್ಲೆಯ ಮದುವೆಮನೆಯಲ್ಲಿ ಅದೇ ಕೆಲಸ ಮೊದಲ ಪಂಕ್ತಿ ಏಳುವುದರೊಳಗೆ ಮುಗಿಯುತ್ತದೆ.

ಈ ವಿದ್ಯೆಯ ಮೂಲಪೀಠ ಹಾನಗಲ್ಲೆಂಬುದು ಪ್ರಸ್ತುತ ಲೇಖಕನ ಖಚಿತ ಮತ. ಆ ಊರೇ ಮಹಾಭಾರತದ ವಿರಾಟನಗರವೆಂಬ ಐತಿಹ್ಯವಿದೆ, ಸಾಕ್ಷಿಗೆ ಕುಂತಿಯ ದಿಬ್ಬವೂ ಇದೆ. ವಿರಾಟರಾಜ ಮಗನ ಗೆಲುವನ್ನು ಕೊಂಡಾಡುತ್ತ ಕೂತಿದ್ದಾಗ, ಜೂಜಿನ ಜೊತೆಗಾರ ಕಂಕ ಬೃಹನ್ನಳೆಯ ಸಾರಥ್ಯವನ್ನು ಹೊಗಳಿದ. ಅಷ್ಟಕ್ಕೇ ರಾಜ ದಾಳ ಬೀಸಿ ಅವನ ಮೂಗಿನಲ್ಲಿ ರಕ್ತ ಬರಿಸಿದ. ಅದು ನೆಲಕ್ಕೆ ಬೀಳದಂತೆ ಸೈರಂಧ್ರಿ ಪಾತ್ರೆ ಹಿಡಿದಳು. ದಾಳ ಬೀಸುವವರ ಸಂತತಿ ಇಂದಿಗೂ ಸಮೃದ್ಧವಾಗಿದೆ. ಪಾತ್ರೆ ಹಿಡಿಯುವವರದು ಅಳಿವಿನಂಚಿನಲ್ಲಿದೆ.

ಶಿಗ್ಗಾವಿ ತಾಲ್ಲೂಕಿನ ಬಾಡದ ಕನಕದಾಸರು ‘ರಾಮಧಾನ್ಯ ಚರಿತೆ’ಯಲ್ಲಿ ಇನ್ನೂ ದೊಡ್ಡ ಪ್ರಕರಣ ದಾಖಲಿಸಿದ್ದಾರೆ. ಅಕ್ಕಿ ಮೇಲೋ ರಾಗಿ ಮೇಲೋ ಎಂಬ ಜಗಳ. ನಮ್ಮ ಕಡೆ ಅಜ್ಜಿಯಾದರೆ “ಸುಮ್ನ ಉಣ್ರಿ” ಅಂದು ಎದ್ದುಹೋಗುತ್ತಿದ್ದಳು. ಶ್ರೀರಾಮ ಎರಡನ್ನೂ ಆರು ತಿಂಗಳು ಸೆರೆಗೆ ಹಾಕಿದ! ರಾಗಿ ಗಟ್ಟಿಯಾಗಿ ಹೊರಬಂತು, ಅಕ್ಕಿ ಹಾಳಾಗಿತ್ತು. (ಅಕ್ಕಿಯ ಪರ ಮೇಲ್ಮನವಿ ಸಲ್ಲಿಕೆಯಾಗಲಿಲ್ಲ.) ಆದರೆ ಕಾಳಿನ ನೆಪದಲ್ಲಿ ಕನಕದಾಸರು ವಿಚಾರಣೆಗೆ ಎಳೆದದ್ದು ಉಳ್ಳವರ ಸೊಕ್ಕನ್ನು. ಹೀಗಾಗಿ ನಮ್ಮ ಶಾಸ್ತ್ರಕ್ಕೆ ಒಂದು ಅಪವಾದ ಸೂತ್ರ ಅಗತ್ಯ: ತುಳಿಸಿಕೊಂಡವನು ಕೂಗಿದರೆ ಅದನ್ನು ಕಡ್ಡಿಯ ಲೆಕ್ಕಕ್ಕೆ ಹಾಕತಕ್ಕದ್ದಲ್ಲ.

ಸವಣೂರಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. ಆಫ್ರಿಕಾ ಮೂಲದ ಸಣ್ಣ ಬೀಜ ಅಲ್ಲಿ ದೊಡ್ಡಹುಣಸೆಯಾಗಿ ಬೆಳೆದಿದೆ. ಪರಸ್ಥಳದ ಚಾಡಿಗೂ ಆ ಮಣ್ಣು ಒಗ್ಗುವುದೇ ಎಂಬುದು ಸಂಶೋಧನಾರ್ಹ.

ಹಿರೇಕೆರೂರು ಸೀಮೆಯ ಸರ್ವಜ್ಞ ಮೂರು ಸಾಲಲ್ಲಿ ಲೋಕವನ್ನೇ ಮುಗಿಸಿದ. ಅವನ ಊರು ಅಬಲೂರೋ ಮಾಸೂರೋ ಎಂಬುದಕ್ಕೆ ಮಾತ್ರ ನಮಗೆ ಪುಟಗಟ್ಟಲೆ ಬೇಕು. ಅದೇ ಸೀಮೆಯ ಲಗ್ನಪತ್ರಿಕೆಯನ್ನು ಪರಿಶೀಲಿಸಿ. ‘ಸುಖಾಗಮನ ಬಯಸುವವರು’ ಪಟ್ಟಿಯಲ್ಲಿ ಸೋದರಮಾವನ ಹೆಸರು ಒಂದು ಸಾಲು ಕೆಳಗಿಳಿದಿದೆ. ಮಾವ ಕನ್ನಡಕ ಏರಿಸುತ್ತಾನೆ, ಪತ್ರಿಕೆ ಮಡಚುತ್ತಾನೆ, ಅರಿಶಿನ ಹತ್ತಿದ ಮೂಲೆಯನ್ನು ಉಗುರಿನಿಂದ ತೀಡುತ್ತಾನೆ. “ಇರ್ಲಿ ಬಿಡ್ರಿ, ನಾವು ಯಾರು” ಅನ್ನುತ್ತಾನೆ. ಗುಡ್ಡ ಎದ್ದಿತು. ಇನ್ನು ಮೂರು ತಲೆಮಾರು ಆ ಮನೆಯ ನೀರು ಮುಟ್ಟುವಂತಿಲ್ಲ.

ಗೊಟಗೋಡಿಯ ಜಾನಪದ ವಿಶ್ವವಿದ್ಯಾಲಯ ಈ ಶಾಸ್ತ್ರಕ್ಕೊಂದು ಅಧ್ಯಯನಪೀಠ ತೆರೆಯಲಿ ಎಂದು ವಿನಂತಿ. ಪೀಠಕ್ಕೆ ಯಾರ ಹೆಸರಿಡಬೇಕೆಂಬ ಮಾತನ್ನು ಮಾತ್ರ ದಯವಿಟ್ಟು ಯಾರೂ ಎತ್ತಬಾರದು.