ಪಾರ್ಸೆಲು ಬಿಟ್ಟವರಿಗೆ ಶಾಲು, ಪೇಟ

ವೇದಿಕೆಯನ್ನು ಅಲಂಕರಿಸಿರುವ ಅಧ್ಯಕ್ಷರೇ, ಪುತ್ತೂರು, ಸುಳ್ಯ, ಕಡಬ ತಾಲೂಕುಗಳ ಸಮಸ್ತ ಗೇಟುಗಳೇ, ಗೇಟಿನೊಳಗಿನ ಪೂಜ್ಯ ನಾಯಿಗಳೇ, ಆರ್ಡರು ಹಾಕಿ ಫೋನು ಆಫ್ ಮಾಡಿ ಮದುವೆಗೆ ಹೊರಟ ಗ್ರಾಹಕ ಮಹಾಪ್ರಭುಗಳೇ, ತೋಡಿನ ನಟ್ಟನಡುವೆ ಮನೆ ತೋರಿಸುವ ಸರ್ವಜ್ಞ ಮ್ಯಾಪ್ ಸ್ವಾಮಿಗಳೇ, ಊಟದ ವಾಸನೆ ಹಿಡಿದು ಕೂತಿರುವ ಹಿಂದಿನ ಸಾಲಿನ ಬಂಧುಗಳೇ,

ತಮ್ಮ ಓಮ್ನಿಯಿಂದ ಕೊನೆಯ ಪಾರ್ಸೆಲು ಇಳಿಸಿ, ಇನ್ನು ಈ ಕೆಲಸಕ್ಕಿಲ್ಲ ಎಂದು ಹೇಳಿ ಬಂದ ನಮ್ಮೂರ ತರುಣರನ್ನು ಸನ್ಮಾನಿಸಲು ಸೇರಿದ್ದೇವೆ. ಇವರ ಸಾಧನೆ ಒಂದೆರಡಲ್ಲ. 'ಬೈಲು ಮನೆ, ಗ್ರಾಮ ಮತ್ತು ಅಂಚೆ' ಎಂದಷ್ಟೇ ಇದ್ದ ವಿಳಾಸ ಹಿಡಿದು ಸರಿಯಾದ ಬೈಲು ಮನೆ ಹುಡುಕಿದ್ದಾರೆ. ಆ ಹೆಸರಿನವು ಗ್ರಾಮಕ್ಕೆ ಮೂರು ನಾಲ್ಕು ಇರುತ್ತವೆ ಮಾರಾಯ್ರೆ! ಕೆಳಗೆ 574239 ಎಂದಿದ್ದರೆ ಸುಳ್ಯ, 574221 ಎಂದಿದ್ದರೆ ಕಡಬ; ಅದರಾಚೆ ದೇವರೇ ಗತಿ. ಅಂದಹಾಗೆ ಈ ಪಿನ್ ಬಂದದ್ದು 1972ರ ಆಗಸ್ಟ್ 15ರಂದು, ಅಂಚೆ ವಿಂಗಡಿಸುವುದಕ್ಕೆ. ಮನೆ ಹುಡುಕುವುದು ಅದರ ಕೆಲಸವೇ ಅಲ್ಲ. ಆಗ ಪೋಸ್ಟ್‌ಮ್ಯಾನಿಗೆ ಮನೆಯಲ್ಲಿ ಯಾರಿಗೆ ಯಾರು ಮಗ ಎಂಬುದೂ ಗೊತ್ತಿತ್ತು. ಇವರಿಗಿದ್ದದ್ದು ಮ್ಯಾಪ್ ಸ್ವಾಮಿಗಳ ಕೃಪೆ ಮಾತ್ರ.

ಫೋನು ಮಾಡಿದರೆ 'ಒಲ್ಪ ಉಲ್ಲರ್?', ಎಲ್ಲಿದ್ದೀರಿ ಎಂದು ತುಳುವಿನಲ್ಲಿ ಪ್ರಶ್ನೆ ಅತ್ತಲಿಂದಲೇ! ಆಮೇಲೆ 'ಇಲ್ಲೇ ಹತ್ತಿರ, ಐದು ನಿಮಿಷ' ಎಂಬ ಅಭಯ. ಆ ಐದು ನಿಮಿಷದಲ್ಲಿ ಒಂದು ಗುಡ್ಡ ಇಳಿದು, ಅಡಕೆ ಮರದ ಸಂಕ ದಾಟಿ, ಪಾಚಿ ಕಟ್ಟಿದ ಅಂಗಳಕ್ಕೆ ಹೋಗಬೇಕು. ಆಟಿಯ ಮಳೆಗೆ ಸಂಕದ ಅಡಿಯಲ್ಲಿ ಕೆಂಪು ನೀರು ಹರಿಯುತ್ತಿತ್ತು. ಇವರ ಹೆಗಲ ಮೇಲೆ ಹುಲ್ಲು ಹೊಡೆಯುವ ಮೆಷಿನಿನ ಪೆಟ್ಟಿಗೆ. ಅಂಗಳ ತಲುಪಿದರೆ ಒಟಿಪಿ ಬೇಕು. ಒಟಿಪಿ ಬರಲು ನೆಟ್‌ವರ್ಕ್ ಬೇಕು. ನೆಟ್‌ವರ್ಕ್ ಇರುವುದು ವಾಪಸು ಆ ಗುಡ್ಡದ ಮೇಲೆ! ಇಷ್ಟಕ್ಕೆಲ್ಲ ಲೆಕ್ಕ ಒಂದು ಪಾರ್ಸೆಲು. ಪೇಟೆಯ ಫ್ಲ್ಯಾಟಿನ ಲಿಫ್ಟಿನಲ್ಲಿ ಒಂದೇ ಏಟಿಗೆ ಹತ್ತು ಕೊಟ್ಟವನಿಗೆ ಹತ್ತು. ಪೆಟ್ರೋಲು ಇವರದು, ಟಯರು ಇವರದು, ನಾಯಿ ಕಚ್ಚಿದರೆ ಕಾಲೂ ಇವರದೇ. ಕಂಪನಿಯ ಒಡೆಯರಿಗೆ ನಾಚಿಕೆ ಬೇಡವೇ?

ಕ್ಷಮಿಸಿ, ಸನ್ಮಾನ ಭಾಷಣದಲ್ಲಿ ಸ್ವರ ಏರಬಾರದು. ಶುಭ ಸುದ್ದಿ ಹೇಳುತ್ತೇನೆ. ಇಂಥ ಗಿಗ್ ಕೆಲಸಗಾರರು 2020–21ರಲ್ಲಿ ದೇಶದಲ್ಲಿ 77 ಲಕ್ಷ ಇದ್ದರೆಂದೂ, 2029–30ಕ್ಕೆ 2.35 ಕೋಟಿ ಆಗುತ್ತಾರೆಂದೂ ನೀತಿ ಆಯೋಗ 2022ರಲ್ಲಿ ಅಂದಾಜಿಸಿದೆ. ನಮ್ಮ ರಾಜ್ಯ 2025ರಲ್ಲಿ ಕಾನೂನನ್ನೂ ಮಾಡಿದೆ: ಕೆಲಸಗಾರನಿಗೆ ಕೊಡುವ ಹಣದ ಮೇಲೆ ಶೇ 1ರಿಂದ 5ರವರೆಗೆ ಕಲ್ಯಾಣ ಶುಲ್ಕವನ್ನು ಕಂಪನಿ ಕಟ್ಟಬೇಕು, ಕೆಲಸದಿಂದ ತೆಗೆಯುವುದಾದರೆ ಕಾರಣ ಬರೆದು 14 ದಿನ ಮೊದಲು ತಿಳಿಸಬೇಕು. ಒಳ್ಳೆಯದೇ. ಆದರೆ ಗೇಟಿನಿಂದ ಅಂಗಳದವರೆಗಿನ ದಾರಿಗೆ ಬೆಲೆ ಕಟ್ಟುವವರು ಯಾರು, ಮ್ಯಾಪ್ ಸ್ವಾಮಿಗಳೇ?

ಸನ್ಮಾನಿತರು ಮುಂದೇನು ಮಾಡುತ್ತಾರೆಂದು ಅಧ್ಯಕ್ಷರು ಕಿವಿಯಲ್ಲಿ ಕೇಳಿದರು. ತೋಟಕ್ಕೆ ಮದ್ದು ಬಿಡಲು ಹೋಗುತ್ತಾರಂತೆ. ಮಳೆಯಲ್ಲಿ ಅಡಕೆ ಮರ ಏರುವುದು ಅಪಾಯವೆಂದು ಅವರ ಅಮ್ಮ ಹೆದರಿದ್ದಾರೆ. ಇವರು ಒಪ್ಪುತ್ತಿಲ್ಲ: ಅಲ್ಲಿ ಹತ್ತು ಗಂಟೆಗೆ ಚಾ ಕೊಡುತ್ತಾರೆ, ಸಂಜೆ ಕೂಲಿ ಕೈಗೆ ಬರುತ್ತದೆ, ಧನಿಗಳು ನಾಯಿಯನ್ನು ಕಟ್ಟಿಯೇ ಕರೆಯುತ್ತಾರೆ.

ಇನ್ನು ಶಾಲು, ಪೇಟ, ಹಣ್ಣಿನ ಬುಟ್ಟಿ. ಬುಟ್ಟಿ ಹಿಡಿದವರು ದಯವಿಟ್ಟು ಮುಂದೆ ಬನ್ನಿ. ಕೊಡುವಾಗ ಒಟಿಪಿ ಕೇಳಬೇಡಿ.