ಟ್ಯಾಂಕಿಗೊಂದು ಗ್ರೈಪ್ ವಾಟರ್

ವಿಶಾಖಪಟ್ಟಣದಿಂದ ವಿಜಯವಾಡಕ್ಕೆ ಹೊರಟ ಬಳ್ಳಾರಿಯ ಗೃಹಸ್ಥರೊಬ್ಬರು, ಮಗುವಿಗೆ ಗ್ರೈಪ್ ವಾಟರ್ ಕುಡಿಸುವ ಅಕ್ಕರೆಯಿಂದ, ಡೀಸೆಲ್ ಟ್ಯಾಂಕಿಗೆ ಟೂ-ಸ್ಟ್ರೋಕ್ ಆಯಿಲ್ ಸುರಿದರು. ತುನಿ ದಾಟುವವರೆಗೂ ಹೆಂಡತಿಗೆ ಒಂದೇ ಪ್ರಶ್ನೆ: “ಇಂಜಿನ್ ಸದ್ದು ಮೆತ್ತಗಾಯ್ತಲ್ವೇನೇ?” ಆಕೆ ಕಿಟಕಿಯ ಗಾಜು ಏರಿಸಿದರು. ಸದ್ದು ನಿಜಕ್ಕೂ ಮೆತ್ತಗಾಯಿತು.

ಈಗಿನ ಡೀಸೆಲ್‌ನಲ್ಲಿ ಜಿಡ್ಡು ಸಾಲದೆಂಬ ಅವರ ಭಯ ಪೂರ್ತಿ ಸುಳ್ಳಲ್ಲ. 2020ರ ಏಪ್ರಿಲ್‌ನಲ್ಲಿ ಬಂದ ಬಿಎಸ್-6 ಡೀಸೆಲ್‌ನಲ್ಲಿ ಗಂಧಕದ ಮಿತಿ 50ರಿಂದ 10 ಪಿಪಿಎಂಗೆ ಇಳಿಯಿತು. ಗಂಧಕ ತೆಗೆಯುವಾಗ ಪಂಪು, ಇಂಜೆಕ್ಟರುಗಳನ್ನು ಸವೆಯದಂತೆ ಕಾಯುವ ಜಿಡ್ಡಿನ ಗುಣವೂ ಕುಗ್ಗುತ್ತದೆ. ಆದರೆ ಆ ಕೊರತೆ ತುಂಬುವ ದ್ರವ್ಯವನ್ನು ಬಂಕಿಗೆ ಬರುವ ಮೊದಲೇ ಬೆರೆಸಿರುತ್ತಾರೆ. 1957ರಿಂದ ರಿಫೈನರಿ ಇರುವ ವಿಶಾಖಪಟ್ಟಣದಲ್ಲೇ ನಿಂತು ಈ ಉಪಚಾರ!

ಹಳೆಯ ಇಂಜಿನ್ನಾದರೆ ಸಹಿಸಿಕೊಂಡೀತು. ಹೊಸ ಕಾರಿನಲ್ಲಿ ಹೊಗೆಯ ಮಸಿ ಹಿಡಿಯುವ ಡಿಪಿಎಫ್ ಫಿಲ್ಟರಿನಲ್ಲಿ ಆಯಿಲಿನ ಬೂದಿ ಕೂತರೆ, ಮಸಿಯ ಹಾಗೆ ಸುಟ್ಟುಹೋಗದು.

ವಿಜಯವಾಡದ ಆಟೋನಗರದ ಮೆಕ್ಯಾನಿಕ್ ಎಲ್ಲ ಕೇಳಿ, “ಮೊದಲು ಏರ್ ಫಿಲ್ಟರ್ ಬದಲಿಸಿ ಸಾರ್” ಎಂದ. ಅದಕ್ಕೂ ಏನಾದರೂ ಆಯಿಲ್ ಹಾಕಬಹುದೇ ಎಂದು ಗೃಹಸ್ಥರು ವಿಚಾರಿಸಿದರು.