ಊರಿಗೆ ಹೋದಾಗ ತೋರಿಸೋಣ

ಅಮೆರಿಕದ ಕನ್ನಡಿಗರ ಮೈಯಲ್ಲಿ ಅಂಗಾಂಗಗಳು ಎರಡು ಪಂಗಡ. ಇಲ್ಲೇ ತೋರಿಸಿಕೊಳ್ಳಬೇಕಾದವು ಒಂದು, ಊರಿಗೆ ಹೋದಾಗ ತೋರಿಸಿಕೊಳ್ಳುವಂಥವು ಇನ್ನೊಂದು. ಎದೆನೋವು ಬಂದರೆ, ಹಿಮದಲ್ಲಿ ಜಾರಿ ಕೈ ಮುರಿದರೆ ಇಲ್ಲಿ. ಹಲ್ಲು, ಮಂಡಿ, ಚರ್ಮ, ಉದುರುವ ಕೂದಲು ಎಲ್ಲ ರಜೆಯ ಲೆಕ್ಕಕ್ಕೆ. ಕಣ್ಣಂತೂ ಪಕ್ಕಾ ಬೆಂಗಳೂರಿನ ಪಾಲು. ಇಲ್ಲಿ ಒಂದು ಕನ್ನಡಕಕ್ಕೆ ಕೊಡುವ ದುಡ್ಡಿಗೆ ಜಯನಗರದಲ್ಲಿ ಮೂರು ಬರುತ್ತವೆ, ಒರೆಸುವ ಬಟ್ಟೆ ಪುಕ್ಕಟೆ. ನಮ್ಮ ಮನೆಯವರ ದೇಹದಲ್ಲಿ ಹೀಗೆ ಟಿಕೆಟ್ಟಿಗಾಗಿ ಕಾದು ಕೂತಿರುವ ಭಾಗಗಳ ಪಟ್ಟಿ ಫ್ರಿಜ್ಜಿನ ಬಾಗಿಲ ಮೇಲೇ ಇದೆ, ಹಪ್ಪಳ, ಸಾರಿನಪುಡಿಗಳ ಪಟ್ಟಿಯ ಪಕ್ಕದಲ್ಲಿ.

ಈ ಏರ್ಪಾಡಿಗೆ ಧಕ್ಕೆ ಬಂದದ್ದು ಒಂದು ಜನವರಿಯಲ್ಲಿ. ಮಿನ್ನೆಸೋಟಾದ ಜನವರಿ ಅಂದರೆ ಹೊರಗೆ ಮೈನಸ್ 20, ನೋಡಿದಲ್ಲೆಲ್ಲ ಬಿಳುಪು. ಕಿಟಕಿಯ ಪಕ್ಕ ಕೂತು ಆಫೀಸಿನ ಮೀಟಿಂಗಿನಲ್ಲಿದ್ದ ಇವರು ಇದ್ದಕ್ಕಿದ್ದಂತೆ ಎದ್ದು, ಊರಿಂದ ತಂದ ಸೊಳ್ಳೆ ಬ್ಯಾಟು ಹಿಡಿದು ಗಾಳಿಯಲ್ಲಿ ಬೀಸತೊಡಗಿದರು. ಕ್ಯಾಮೆರಾ ಆನ್ ಇತ್ತು.

"ರೀ, ಈ ಚಳಿಗೆ ಸೊಳ್ಳೆ ಎಲ್ಲಿಂದ ಬರುತ್ತೆ?"

"ಇಲ್ಲೇ ಇದೆ ಕಣೇ, ಒಂದಲ್ಲ, ಒಂದು ಹಿಂಡು. ದಿಟ್ಟಿಸಿ ನೋಡಿದರೆ ಪಕ್ಕಕ್ಕೆ ಜಾರಿಬಿಡುತ್ತೆ."

ಮೈನಸ್ ಏಳರ ಕನ್ನಡಕದವರು, 50 ದಾಟಿದವರು. ಒಂದೆರಡು ಎಳೆಗಳು ಕಣ್ಣಮುಂದೆ ತೇಲುವುದು ಇವರಿಗೆ ಹೊಸದಲ್ಲ. ಬಿಳಿ ಗೋಡೆ, ಬರಿಯ ಆಕಾಶ ನೋಡಿದಾಗ ಎಷ್ಟೋ ಜನರಿಗೆ ಅಂಥವು ಕಾಣುತ್ತವೆ, ಅದಕ್ಕೆ ಔಷಧಿಯೂ ಬೇಡ, ಚಿಂತೆಯೂ ಬೇಡ. ಹಳೆಯ ಎಳೆಗಳ ಜೊತೆ ಇವರು ಹಳೆಯ ಬಾಡಿಗೆದಾರರ ಜೊತೆ ಬಾಳುವ ಹಾಗೆ ಬಾಳಿಕೊಂಡಿದ್ದರು. ಈ ಹಿಂಡು ಮಾತ್ರ ಆ ಬೆಳಿಗ್ಗೆಯೇ ಬಂದು ಇಳಿದಿತ್ತು. ಆದರೂ ತೀರ್ಪು ಹಳೆಯದೇ: "ನೋವಿಲ್ಲ ಏನಿಲ್ಲ. ಮಾರ್ಚಿನಲ್ಲಿ ಹೋಗ್ತೀವಲ್ಲ, ಅಲ್ಲೇ ತೋರಿಸೋಣ."

ಕುಟುಂಬದ ವಾಟ್ಸಾಪ್ ಗುಂಪು ಅಷ್ಟು ಹೊತ್ತು ಕಾಯುವಂಥದ್ದಲ್ಲ. ಬಸವನಗುಡಿಯಿಂದ ಅತ್ತೆ ನಂದಿಬಟ್ಟಲ ಹೂವು ಕಣ್ಣಿನ ಮೇಲಿಟ್ಟುಕೊಳ್ಳಲು ಹೇಳಿದರು. ಡಲ್ಲಾಸಿನ ಭಾವ ತ್ರಿಫಲ ಅಂದರು. ಹೊನಗೊನ್ನೆ ಸೊಪ್ಪಿನ ಪಲ್ಯ ತಿನ್ನಿ ಅಂತ ಚಿಕ್ಕತ್ತೆಯ ಆದೇಶ. ಹಿಮದಡಿ ಹುಲ್ಲೇ ಕಾಣದ ಊರಿನಲ್ಲಿ ಹೊನಗೊನ್ನೆ!

ಭಾನುವಾರ ಕನ್ನಡ ಸಂಘದ ಸಂಕ್ರಾಂತಿ. ಹೊರನಾಡ ಸಂಘಗಳ ನಿಜವಾದ ಉಪಯೋಗ ಗೊತ್ತಾಗುವುದು ಬಿಸಿಬೇಳೆಬಾತಿನ ಸಾಲಿನಲ್ಲಿ. ಕೈಯಲ್ಲಿ ತಟ್ಟೆ ಹಿಡಿದ ಡಾಕ್ಟರು ಎಲ್ಲಿಗೂ ಓಡಲಾರರು. ಇವರು ಮೊದಲು ಹಿಡಿದವರು ಮಣ್ಣಿನ ವಿಜ್ಞಾನದಲ್ಲಿ ಪಿಎಚ್‌ಡಿ ಮಾಡಿದ ಡಾಕ್ಟರು, ಅವರು ಪಾಪ ಶ್ರದ್ಧೆಯಿಂದ ಕಣ್ಣು ನೋಡಿಯೂ ನೋಡಿದರು. ಎರಡನೆಯವರು ಅರಿವಳಿಕೆ ತಜ್ಞರು. "ನೋವಿದೆಯಾ? ಇಲ್ಲವಾ? ಹಾಗಾದರೆ ನನ್ನ ಕೆಲಸ ಇಲ್ಲ" ಅಂದು ಹಪ್ಪಳದತ್ತ ನಡೆದರು. ಹಿಂದೆ ನಿಂತಿದ್ದ ಮಕ್ಕಳ ಡಾಕ್ಟರಮ್ಮ ಎಲ್ಲ ಕೇಳಿಸಿಕೊಂಡಿದ್ದರು.

"ಇದ್ದಕ್ಕಿದ್ದಂತೆ ಜಾಸ್ತಿ ಆಯ್ತಾ? ಕಣ್ಣಿನ ಮೂಲೆಯಲ್ಲಿ ಮಿಂಚು ಹೊಡೆಯುತ್ತಾ? ಒಂದು ಕಡೆಯಿಂದ ಪರದೆ ಎಳೆದ ಹಾಗೆ ಕತ್ತಲು ಕಾಣುತ್ತಾ?"

"ಮಿಂಚು ಉಂಟು, ಪರದೆ ಇಲ್ಲ."

"ಹಾಗಾದರೆ ಇಲ್ಲಿ ಯಾಕೆ ನಿಂತಿದ್ದೀರಿ? ಕಣ್ಣಿನ ಆಸ್ಪತ್ರೆಗೆ ಈಗಲೇ ಫೋನ್ ಮಾಡಿ. ಆಮೇಲೆ ಬೇಕಾದರೆ ಬಾತು ತಿನ್ನಿ. ಪರದೆ ಬಂತೋ, ರಾತ್ರಿಯಾದರೂ ಸರಿ ಎಮರ್ಜೆನ್ಸಿಗೆ ಹೋಗಿ."

ಎಳ್ಳುಬೆಲ್ಲ ಜೇಬಿಗೆ ಹಾಕಿಕೊಂಡು ಫೋನ್ ಮಾಡಿದೆವು. ಮರುದಿನ ಮಧ್ಯಾಹ್ನ ಬನ್ನಿ ಎಂದರು. ಮರುದಿನ ಕೌಂಟರಿನಲ್ಲಿ ಇವರು ಹೆಮ್ಮೆಯಿಂದ ಚಾಚಿದ ವಿಷನ್ ಇನ್ಶೂರೆನ್ಸ್ ಕಾರ್ಡನ್ನು ಅಲ್ಲಿ ಕೂತಿದ್ದಾಕೆ ನಯವಾಗಿ ವಾಪಸ್ಸು ಕೊಟ್ಟಳು. ಅದು ಕನ್ನಡಕಕ್ಕೆ. ಕಣ್ಣಿನ ಕಾಯಿಲೆಗೆ ಮೆಡಿಕಲ್ ಕಾರ್ಡ್ ಬೇಕಂತೆ. ವರ್ಷಗಟ್ಟಲೆ ಸಂಬಳದಿಂದ ಹಿಡಿದುಕೊಂಡದ್ದು ದೃಷ್ಟಿಯ ಹೆಸರಿನಲ್ಲಿ, ಕೊಡುವುದು ಮೂಗಿನ ಮೇಲೆ ಕೂರುವ ಸಾಮಾನಿಗೆ!

ಹನಿ ಬಿಟ್ಟು ಪಾಪೆ ಹಿಗ್ಗಿಸಿ, ತಲೆಗೆ ದೀಪ ಕಟ್ಟಿಕೊಂಡ ಡಾಕ್ಟರು ಮೇಲೆ ನೋಡಿ, ಕೆಳಗೆ ನೋಡಿ ಅನ್ನುತ್ತ ಕಣ್ಣಿನ ಅಂಚನ್ನೆಲ್ಲ ಶೋಧಿಸಿದರು. ಕಣ್ಣುಗುಡ್ಡೆಯೊಳಗೆ ಸುಮಾರು 4 ಮಿಲಿಲೀಟರಿನಷ್ಟು ಲೋಳೆ ಇರುತ್ತದೆ, ವಯಸ್ಸಾದಂತೆ ಅದು ನೀರಾಗುತ್ತದೆ, ಒಳಗಿನ ಎಳೆಗಳು ಗಂಟು ಕಟ್ಟುತ್ತವೆ, ನಿಮಗೆ ಕಾಣುವುದು ಹಿಂದಿನ ರೆಟಿನಾ ಮೇಲೆ ಬೀಳುವ ಅವುಗಳ ನೆರಳು ಅಂದರು. ಕೊನೆಗೊಮ್ಮೆ ಆ ಲೋಳೆ ರೆಟಿನಾವನ್ನು ಬಿಟ್ಟು ಮುಂದೆ ಸರಿಯುತ್ತದೆ. ಬಹಳಷ್ಟು ಜನರಿಗೆ ತೊಂದರೆಯಿಲ್ಲದೆ ಬಿಟ್ಟುಕೊಳ್ಳುತ್ತದೆ. ಇವರಿಗೆ ಬಿಡುವಾಗ ರೆಟಿನಾವನ್ನು ಒಂದಿಷ್ಟು ಹರಿದಿತ್ತು. ದಪ್ಪ ಮೈನಸ್ ಕನ್ನಡಕದವರಿಗೆ ಈ ಅಪಾಯ ಜಾಸ್ತಿ. ಇವತ್ತೇ ಲೇಸರ್ ಹಾಕಿ ಸುತ್ತ ಬೆಸೆದುಬಿಡೋಣ ಅಂದರು.

ಆಗಲೂ ಇವರು ಕೇಳಿದ್ದು, "ಮಾರ್ಚಿನಲ್ಲಿ ಇಂಡಿಯಾಕ್ಕೆ ಹೋಗ್ತೀವಿ. ಅಲ್ಲಿ ಮಾಡಿಸಿಕೊಳ್ಳಬಹುದಾ?"

ಡಾಕ್ಟರು ಸಿಟ್ಟಾಗಲಿಲ್ಲ. ಮಾರ್ಚಿನ ಹೊತ್ತಿಗೆ ಆ ತೂತಿನಿಂದ ನೀರು ಹಿಂದಕ್ಕೆ ನುಗ್ಗಿ ರೆಟಿನಾ ಕಿತ್ತುಬಂದರೆ ಆಪರೇಷನ್ನೇ ಗತಿ. ಎಷ್ಟೋ ಸಲ ಕಣ್ಣಿನೊಳಗೆ ಗ್ಯಾಸ್ ತುಂಬಿ, ದಿನಗಟ್ಟಲೆ ತಲೆ ಬಗ್ಗಿಸಿ ಕೂರಿಸುತ್ತಾರೆ. ಆ ಗ್ಯಾಸ್ ಕರಗಲು ಕೆಲವು ವಾರ ಬೇಕು, ಅಲ್ಲಿಯವರೆಗೆ ವಿಮಾನ ಹತ್ತುವಂತಿಲ್ಲ. ಮೇಲೆ ಹೋದಂತೆ ಗ್ಯಾಸ್ ಹಿಗ್ಗಿ, ಒತ್ತಡ ಏರಿ, ಕಣ್ಣೇ ಹೋಗಬಹುದು.

ಕಣ್ಣು ಹೋಗುವ ಮಾತಿಗೆ ಅಷ್ಟಾಗಿ ಬೆದರದ ನಮ್ಮವರು ವಿಮಾನದ ಮಾತಿಗೆ ಬಿಳಿಚಿಕೊಂಡರು. ಬೆಂಗಳೂರಿನಲ್ಲಿ ಸಿಕ್ಕಿಬಿದ್ದರೆ ರಜೆ ಎಷ್ಟು ಉಳಿದಿದೆ, ವಾಪಸ್ಸಿನ ಟಿಕೆಟ್ಟಿಗೆ ದಂಡ ಎಷ್ಟು ಎಂದು ಮನಸ್ಸಿನಲ್ಲೇ ಗುಣಿಸಿ, ಗಲ್ಲವನ್ನು ಯಂತ್ರದ ಮೇಲಿಟ್ಟು "ಹಾಕಿ ಲೇಸರ್ರು" ಅಂದರು. ಕೆಲವೇ ನಿಮಿಷದ ಕೆಲಸ. ಮುಗಿದ ಮೇಲೆ, "ಹುಳಗಳು ಹಾಗೇ ಇವೆಯಲ್ಲ?" ಅಂತ ತಕರಾರು. ಲೇಸರ್ ಹುಳಕ್ಕಲ್ಲ, ಹರಿದದ್ದಕ್ಕೆ. ಹುಳಗಳಿಗೆ ನೀವೇ ಒಗ್ಗಿಕೊಳ್ಳುತ್ತೀರಿ, ಕೆಲವು ವಾರ ಬಿಟ್ಟು ಬಂದು ತೋರಿಸಿ, ನಡುವೆ ಹೆಚ್ಚಾದರೆ ಅವತ್ತೇ ಬನ್ನಿ ಅಂದರು.

ಮನೆಗೆ ನಾನೇ ಕಾರು ಓಡಿಸಿದೆ. ನಮ್ಮ ದಾಂಪತ್ಯದ ಅತ್ಯಂತ ನೆಮ್ಮದಿಯ ಪಯಣ. ಕಪ್ಪು ಪ್ಲಾಸ್ಟಿಕ್ಕಿನ ಕನ್ನಡಕ ಹಾಕಿ ಪಕ್ಕದಲ್ಲಿ ಕೂತವರಿಗೆ ಸ್ಪೀಡೋಮೀಟರ್ ಕಾಣುತ್ತಿರಲಿಲ್ಲ, ಫೋನೂ ಓದಲಾಗುತ್ತಿರಲಿಲ್ಲ. ಗುಂಪಿನಲ್ಲಿ ಬಂದ ಮದ್ದುಗಳನ್ನು ಮನೆಗೆ ಬಂದು ನಾನೇ ಓದಿ ಹೇಳಿದೆ, ಸಾಕಷ್ಟು ಕತ್ತರಿ ಹಾಕಿ.

ರಾತ್ರಿ ಎಂಟಕ್ಕೆ, ಬಸವನಗುಡಿಯ ಬೆಳಗಿನ ಏಳೂವರೆಗೆ, ಅತ್ತೆಗೆ ವಿಡಿಯೊ ಕಾಲ್. ಒಳಗಿನ ಲೋಳೆ ಮೊಸರು ನೀರೊಡೆದ ಹಾಗೆ ಒಡೆದಿದೆಯಂತೆ ಎಂದು ವಿವರಿಸಿದೆ.

"ಅಲ್ಲಿಯ ಹಾಲೇ ಸರಿಯಿಲ್ಲ ಅಂತ ಮೊದಲಿಂದ ಹೇಳ್ತಾನೇ ಇದೀನಿ" ಅಂದರು. ಆಮೇಲೆ ದನಿ ತಗ್ಗಿಸಿ, "ಈ ಮಿಂಚು ಅಂದೆಯಲ್ಲ, ಅದು ನನಗೂ ನಾಲ್ಕು ದಿನದಿಂದ ಇದೆ ಕಣೇ. ಪೊರೆ ಆಪರೇಷನ್ ಆದ ಕಣ್ಣಲ್ಲೇ. ಮಾರ್ಚಿನಲ್ಲಿ ನೀವು ಬಂದಾಗ ತೋರಿಸಿದರಾಯ್ತು ಅಂತ ಸುಮ್ಮನಿದ್ದೆ."

ಕಪ್ಪು ಕನ್ನಡಕ ಕಿತ್ತು ಎಸೆದು ಇವರು ಪರದೆಯೊಳಗೇ ಹೊಕ್ಕರು. "ಅಮ್ಮಾ! ಯಾರಾದರೂ ಮಾರ್ಚಿನವರೆಗೆ ಕಾಯ್ತಾರಾ? ಈಗಲೇ ಹೊರಡು, ಕಣ್ಣಿನ ಆಸ್ಪತ್ರೆಗೆ!"

"ಇವತ್ತು ಮಂಗಳವಾರ ಕಣೋ ಮಗು."

"ಮಂಗಳವಾರವೂ ಇಲ್ಲ, ಗಿಂಗಳವಾರವೂ ಇಲ್ಲ!" ಎನ್ನುತ್ತ ಇಲ್ಲಿಂದಲೇ ಬಸವನಗುಡಿಗೆ ಟ್ಯಾಕ್ಸಿ ಬುಕ್ ಮಾಡಿಸಿದರು. ನಾದಿನಿ ಚಪ್ಪಲಿ ಮೆಟ್ಟಿ ಅಮ್ಮನನ್ನು ಹತ್ತಿಸಿಯೂ ಆಯಿತು. ಡ್ರೈವರು ಓಟಿಪಿ ಕೇಳಿದ. ಅದು ಬಂದಿದ್ದು ಇವರ ಫೋನಿಗೆ. ಇವರು ಅದನ್ನು ಮೂಗಿನ ಹತ್ತಿರ ಹಿಡಿದರು, ಕೈ ಚಾಚಿ ದೂರ ಹಿಡಿದರು, ಕೊನೆಗೆ ನನ್ನ ಕೈಗೇ ತುರುಕಿದರು.